ಮನೆ ಮತ್ತು ಅಂಗಡಿ ಆವರಣದ ಮರಗಳು: ಪಾಲನೆ, ಗುತ್ತಿಗೆ ಮತ್ತು ಹೊಣೆಗಾರಿಕೆ

ಯುಗಾದಿ ಕಳೆದು ಮುಂಗಾರು ಹಿಡಿಯುವವರೆಗಿನ ಎರಡು ತಿಂಗಳು ನಮ್ಮ ಸೀಮೆಯಲ್ಲಿ ಗಾಳಿಯ ಕಾಲ. ಮಧ್ಯಾಹ್ನದವರೆಗೆ ಸುಡುವ ಬಿಸಿಲು, ಸಂಜೆಯ ಹೊತ್ತಿಗೆ ಗುಡುಗು, ಬಿರುಗಾಳಿ, ಆಲಿಕಲ್ಲು. ಅದರ ಮರುದಿನ ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿ ಪೇಟೆಗಳಲ್ಲಿ ಒಂದು ಸುತ್ತು ಹೋದರೆ ಕಾಣುವ ನೋಟ ಬಹುಮಟ್ಟಿಗೆ ಒಂದೇ. ಗೋದಾಮಿನ ಶೀಟಿನ ಮೇಲೆ ಬಿದ್ದ ಮಾವಿನ ಕೊಂಬೆ, ಹರಿದು ಜೋತಾಡುವ ವಿದ್ಯುತ್ ತಂತಿ, ಕಾಂಪೌಂಡಿನ ಮೇಲೆ ಒರಗಿದ ನುಗ್ಗೆ, ಮತ್ತು ಇವೆಲ್ಲದರ ನಡುವೆ ಮಚ್ಚು ಹಾಗೂ ಗರಗಸ ಮಷಿನ್ ಹಿಡಿದು ಮನೆಯಿಂದ ಮನೆಗೆ ಹೋಗುವ ಮರ ಕಡಿಯುವವರು. ಅಂದು ಕೇಳಿದ ಕೂಲಿಯನ್ನು ಕೊಡಲೇಬೇಕು, ಅಂದು ಸಿಕ್ಕಿದವನಿಂದಲೇ ಕೆಲಸ ಮಾಡಿಸಲೇಬೇಕು.

ಅಂಗಡಿಗೆ ಒಂದು ಮೂಟೆ ಸರಕು ಬಂದರೂ ತೂಕ ನೋಡಿ, ಬಿಲ್ ನೋಡಿ ಇಳಿಸಿಕೊಳ್ಳುವ ವರ್ತಕರು ನಾವು. ಆದರೆ ನಲವತ್ತು ವರ್ಷ ಬೆಳೆದ ಮರವನ್ನು ಕಡಿಸುವಾಗ ಬಾಗಿಲಲ್ಲಿ ನಿಂತು ಐದು ನಿಮಿಷದಲ್ಲಿ ಮಾತು ಮುಗಿಸುತ್ತೇವೆ. ಆ ಮರದ ಬೆಲೆ ಎಷ್ಟು, ಕಡಿಯಲು ಅನುಮತಿ ಬೇಕೇ, ಮೇಲೇರಿದ ಮನುಷ್ಯ ಬಿದ್ದರೆ ಹೊಣೆ ಯಾರದು ಎಂಬ ಪ್ರಶ್ನೆಗಳು ಏಳುವುದು ಸಾಮಾನ್ಯವಾಗಿ ಕೆಲಸ ಕೆಟ್ಟ ಮೇಲೆ. ಈ ವಿಷಯದಲ್ಲಿ ಸದಸ್ಯರಿಗೆ ಉಪಯುಕ್ತವಾಗಬಹುದಾದ ಸಂಗತಿಗಳನ್ನು ಒಂದೆಡೆ ನಿರೂಪಿಸುವುದು ಈ ಲೇಖನದ ಉದ್ದೇಶ.

ನಮ್ಮ ಸೀಮೆ ಮತ್ತು ಮರ

ಶಿಕಾರಿಪುರ ಅರೆಮಲೆನಾಡು, ಸೊರಬ ಮಲೆನಾಡಿನ ಹೊಸ್ತಿಲು. ಅಕ್ಕಮಹಾದೇವಿಯ ಜನ್ಮಸ್ಥಳವೆಂದು ನಾಡು ಗೌರವಿಸುವ ಉಡುತಡಿ, ಕೇದಾರೇಶ್ವರನ ಬಳ್ಳಿಗಾವಿ, ರೇಣುಕಾಂಬೆಯ ಚಂದ್ರಗುತ್ತಿ, ಹಕ್ಕಿಗಳ ಗುಡವಿ ಇವೆಲ್ಲವೂ ಈ ಎರಡು ತಾಲ್ಲೂಕುಗಳ ಮಡಿಲಲ್ಲಿಯೇ ಇವೆ. ಮರದೊಡನೆ ವ್ಯಾಪಾರ ಬೆಸೆದುಕೊಂಡ ಸೀಮೆ ಇದು. ಸೊರಬದ 'ಕಾನು'ಗಳು, ಅಂದರೆ ಊರವರು ಕಾಪಾಡಿಕೊಂಡು ಬಂದ ನಿತ್ಯಹಸಿರಿನ ಕಾಡುಗಳು, ಎಷ್ಟು ಹೆಸರಾಗಿದ್ದವೆಂದರೆ 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಅವುಗಳ ಬಗ್ಗೆಯೇ ಪ್ರತ್ಯೇಕ ವರದಿಯನ್ನು ಬರೆದರು. ಆ ಕಾನುಗಳಲ್ಲಿ ಮರಕ್ಕೆ ಹಬ್ಬಿದ ಕಾಳುಮೆಣಸು ಊರಿನ ಆದಾಯವಾಗಿತ್ತು. ಸಾಗರ ಮತ್ತು ಸೊರಬದ ಗುಡಿಗಾರರ ಗಂಧದ ಕೆತ್ತನೆ ದೇಶದ ಹೊರಗೂ ಹೆಸರು ಮಾಡಿತು. ನಿಂತ ಮರವೂ ಆಸ್ತಿ, ಕಡಿದ ಮರವೂ ಆಸ್ತಿ ಎಂಬುದನ್ನು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಂದು ಸ್ಥಿತಿ ಬದಲಾಗಿದೆ. ಹಿತ್ತಿಲು ಸೈಟಾಗಿದೆ, ಸೈಟು ಕಟ್ಟಡವಾಗಿದೆ. ಹಲಸು ಮಾವುಗಳು ಹಳೆಯ ಜಾಗದಲ್ಲಿಯೇ ಇವೆ. ಅವುಗಳ ಕೆಳಗೆ ಈಗ ಗೋದಾಮು, ವಾಹನ ನಿಲ್ಲುವ ಜಾಗ, ಗ್ರಾಹಕರ ಓಡಾಟ. ಮರ ಅದೇ, ಅದು ಬಿದ್ದರೆ ಆಗುವ ನಷ್ಟ ಮಾತ್ರ ಹತ್ತು ಪಟ್ಟು.

ಮೊದಲು ಮರವನ್ನು ಪರೀಕ್ಷಿಸಿರಿ

ಕಡಿಸುವ ನಿರ್ಧಾರವನ್ನು ಕಡಿಯುವವನ ಮಾತಿನ ಮೇಲೆ ಕೈಗೊಳ್ಳಬಾರದು. ಮರ ಉರುಳಿದರೆ ಅವನಿಗೆ ಕೂಲಿಯೂ ಸೌದೆಯೂ ಸಿಗುತ್ತದೆ. ಉಳಿದರೆ ಸಿಗುವುದು ಕಡಿಮೆ. ವರ್ಷಕ್ಕೆ ಎರಡು ಬಾರಿ, ಫೆಬ್ರವರಿಯಲ್ಲೊಮ್ಮೆ ಮತ್ತು ಮಳೆಗಾಲ ಮುಗಿದ ಮೇಲೊಮ್ಮೆ, ಮಾಲೀಕರೇ ಮರದ ಸುತ್ತ ಒಂದು ಸುತ್ತು ಬಂದು ಕೆಳಗಿನ ಲಕ್ಷಣಗಳನ್ನು ನೋಡತಕ್ಕದ್ದು.

1. ಬುಡದ ಮಣ್ಣು ಒಂದು ಕಡೆ ಬಿರುಕು ಬಿಟ್ಟಿದೆಯೇ ಅಥವಾ ಉಬ್ಬಿದೆಯೇ? ಮೊದಲಿನಿಂದಲೂ ವಾಲಿ ಬೆಳೆದ ಮರ ಅಷ್ಟಾಗಿ ಅಪಾಯಕಾರಿಯಲ್ಲ. ಈಚೆಗೆ ವಾಲಿದ, ಬುಡದ ಮಣ್ಣು ಎದ್ದ ಮರ ತೀರ ಅಪಾಯಕಾರಿ.

2. ಬುಡದಲ್ಲಿ ಅಥವಾ ಕಾಂಡದಲ್ಲಿ ಗಟ್ಟಿಯಾದ ಅಣಬೆ ಎದ್ದಿದೆಯೇ? ಅಡಿಕೆ ತೋಟವುಳ್ಳವರಿಗೆ ಅಣಬೆ ರೋಗದ ಪರಿಚಯವುಂಟು. ಅಣಬೆ ಹೊರಗೆ ಕಾಣಿಸಿಕೊಳ್ಳುವ ಹೊತ್ತಿಗೆ ಒಳಗಿನ ಕೊಳೆತ ಬಹಳ ಮುಂದುವರಿದಿರುತ್ತದೆ.

3. ಎರಡು ದಪ್ಪ ಕವಲುಗಳು ಇಕ್ಕಟ್ಟಾಗಿ ಒಂದೇ ಜಾಗದಿಂದ ಎದ್ದು ಅವುಗಳ ನಡುವೆ ತೊಗಟೆ ಒಳಸೇರಿದೆಯೇ? ಇಂತಹ ಜೋಡು ಕವಲು ಗಾಳಿಗೆ ನಡುವೆ ಸೀಳುತ್ತದೆ.

4. ಒಣಗಿದ ಕೊಂಬೆ, ಬಂದಳಕ ಹಿಡಿದ ಕೊಂಬೆ ಇದೆಯೇ? ಬಂದಳಕವನ್ನು ಕಿತ್ತರೆ ಸಾಲದು. ಅದು ಹಿಡಿದ ಜಾಗದ ಕೆಳಗಿನಿಂದ ಕೊಂಬೆಯನ್ನೇ ಕತ್ತರಿಸಬೇಕು.

5. ಮಾವಿನ ಕಾಂಡದ ರಂಧ್ರಗಳಿಂದ ಗರಗಸದ ಹೊಟ್ಟಿನಂತಹ ಪುಡಿ ಉದುರುತ್ತಿದೆಯೇ? ಅದು ಕಾಂಡ ಕೊರೆಯುವ ಹುಳುವಿನ ಗುರುತು. ಬೇಗ ಕಂಡರೆ ರಂಧ್ರವನ್ನು ತಂತಿಯಿಂದ ಸ್ವಚ್ಛಗೊಳಿಸಿ ಔಷಧಿ ಹಾಕಿ ಮುಚ್ಚಬಹುದು. ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಸಲಹೆ ದೊರೆಯುತ್ತದೆ. ತೊಗಟೆಯ ಮೇಲೆ ಒರಲೆಯ ಮಣ್ಣು ಕಂಡ ಮಾತ್ರಕ್ಕೆ ಮರ ಸತ್ತಿತೆಂದು ತಿಳಿಯಬಾರದು. ಒರಲೆ ಬಹಳ ಸಲ ಒಣ ತೊಗಟೆಯನ್ನಷ್ಟೇ ತಿನ್ನುತ್ತಿರುತ್ತದೆ.

ಪೊಟರೆಯಿದ್ದ ಮರವೆಲ್ಲ ಬೀಳುವ ಮರವಲ್ಲ. ಕೊಳವೆ ಹೇಗೆ ಟೊಳ್ಳಾಗಿದ್ದೂ ಭಾರ ಹೊರುತ್ತದೆಯೋ ಹಾಗೆಯೇ ಮರವೂ ಹೊರುತ್ತದೆ. ಜರ್ಮನಿಯ ಕ್ಲಾಸ್ ಮಾಥೆಕ್ ಎಂಬ ವಿಜ್ಞಾನಿ ಮುರಿದ ಮತ್ತು ನಿಂತ ಮರಗಳನ್ನು ಹೋಲಿಸಿ ಸೂಚಿಸಿದ ಅಳತೆಯ ಪ್ರಕಾರ, ಸುತ್ತಲಿನ ಗಟ್ಟಿ ಮರದ ದಪ್ಪ ಕಾಂಡದ ತ್ರಿಜ್ಯದ ಸುಮಾರು ಮೂರನೇ ಒಂದು ಭಾಗದಷ್ಟಿದ್ದರೆ ಮರ ಸಾಮಾನ್ಯವಾಗಿ ನಿಲ್ಲುತ್ತದೆ. ಅದಕ್ಕಿಂತ ಕಡಿಮೆಯಾದಾಗ, ಅಥವಾ ಪೊಟರೆ ಒಂದು ಬದಿಯಲ್ಲಿ ಬಾಯಿ ತೆರೆದಿದ್ದಾಗ, ಎಚ್ಚರ ಅವಶ್ಯ. ಇದು ಮೊದಲ ಅಂದಾಜಿಗೆ ಉಪಯೋಗವಾಗುವ ಸೂತ್ರವೇ ಹೊರತು ಖಾತರಿಯಲ್ಲ.

ಸವರುವುದು ಬೇರೆ, ಬೋಳಿಸುವುದು ಬೇರೆ

ಬಹುಪಾಲು ಮರಗಳಿಗೆ ಬೇಕಾದುದು ಕಡಿಯುವಿಕೆಯಲ್ಲ, ಕ್ರಮವಾದ ಸವರುವಿಕೆ. ಆದರೆ ನಮ್ಮಲ್ಲಿ ಸವರುವುದೆಂದರೆ ತಲೆಯನ್ನೇ ಬೋಳಿಸುವುದೆಂಬ ಅಭಿಪ್ರಾಯ ಬೇರೂರಿದೆ. ಈ ತಪ್ಪನ್ನು ಈ ಲೇಖಕನೂ ಮಾಡಿದ್ದಾನೆ. ಸುಮಾರು ಹನ್ನೆರಡು ವರ್ಷಗಳ ಹಿಂದೆ ಮನೆಯ ಹಿಂದಿನ ಮಾವಿನ ಮರ ಎತ್ತರವಾಯಿತೆಂದು ನಡುವಿಗೆ ಕಡಿಸಿದ್ದಾಯಿತು. ಮರ ಸಾಯಲಿಲ್ಲ, ಮರುವರ್ಷವೇ ಕಡಿದ ಜಾಗದ ಸುತ್ತ ಹತ್ತಾರು ಚಿಗುರುಗಳೆದ್ದು ಸೊಂಪಾಗಿ ಬೆಳೆದವು. ನೋಡಿ ಸಂತೋಷವೂ ಆಯಿತು. ನಾಲ್ಕನೆಯ ವರ್ಷದ ಬೇಸಿಗೆಯ ಗಾಳಿಗೆ ಆ ಚಿಗುರಿನ ಕೊಂಬೆಗಳಲ್ಲಿ ದಪ್ಪನೆಯದೊಂದು ಬುಡಸಮೇತ ಕಿತ್ತು ಪಕ್ಕದ ಮನೆಯವರ ದನದ ಕೊಟ್ಟಿಗೆಯ ಹೆಂಚಿನ ಮೇಲೆ ಬಿದ್ದಿತು. ದನಗಳು ಆಗ ಮೇಯಲು ಹೋಗಿದ್ದುದು ನಮ್ಮ ಪುಣ್ಯ. ಹತ್ತಿ ನೋಡಿದಾಗ ಕಡಿದ ಕಾಂಡದ ತುದಿ ಒಂದು ಮೊಳದಷ್ಟು ಕೊಳೆತು ಬಟ್ಟಲಿನಂತಾಗಿತ್ತು.

ಇದರ ಕಾರಣ ಸರಳ. ಸಹಜವಾಗಿ ಬೆಳೆದ ಕೊಂಬೆ ಕಾಂಡದ ಒಳಮರದೊಡನೆ ಹೆಣೆದುಕೊಂಡಿರುತ್ತದೆ. ಬೋಳಿಸಿದ ಮೇಲೆ ಬಂದ ಚಿಗುರು ತೊಗಟೆಯ ಅಡಿಯ ಹೊರಪದರಕ್ಕೆ ಅಂಟಿಕೊಂಡಿರುತ್ತದೆ. ಮೇಲಿನ ಭಾರ ವರ್ಷವರ್ಷವೂ ಹೆಚ್ಚುತ್ತದೆ, ಕೆಳಗೆ ಕೊಳೆತವೂ ಹೆಚ್ಚುತ್ತದೆ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಆಲೆಕ್ಸ್ ಶಿಗೊ (1930–2006) ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಪರೀಕ್ಷಿಸಿ ತೋರಿಸಿದ ಸಂಗತಿಯೆಂದರೆ, ಮರದ ಗಾಯ ನಮ್ಮ ಚರ್ಮದಂತೆ ಮಾಯುವುದಿಲ್ಲ. ಮರವು ಗಾಯದ ಸುತ್ತ ಗೋಡೆ ಕಟ್ಟಿ ಕೊಳೆತವನ್ನು ಅಲ್ಲಿಯೇ ತಡೆಯುತ್ತದೆ, ಮೇಲಿನಿಂದ ಹೊಸ ಮರವನ್ನು ಬೆಳೆಸುತ್ತದೆ. ಎಲ್ಲಿ ಕತ್ತರಿಸಿದರೆ ಆ ಗೋಡೆ ಕಟ್ಟುವುದು ಸುಲಭವೋ ಅಲ್ಲಿಯೇ ಕತ್ತರಿಸುವುದು ಸವರುವ ವಿದ್ಯೆಯ ಸಾರ.

ಕೊಂಬೆ ಕಾಂಡದಿಂದ ಹೊರಡುವ ಜಾಗದಲ್ಲಿ ಒಂದು ಉಬ್ಬಿದ ಉಂಗುರವಿರುತ್ತದೆ. ಕತ್ತರಿಸುವುದು ಆ ಉಂಗುರದ ಹೊರಗಿನಿಂದ. ಕಾಂಡಕ್ಕೆ ಸಮನಾಗಿ ಕೆರೆದರೆ ಉಂಗುರ ಹೋಗುತ್ತದೆ. ಅಡಿಯುದ್ದ ಮೋಟು ಬಿಟ್ಟರೆ ಮೋಟು ಒಣಗಿ ಕೊಳೆತಕ್ಕೆ ದಾರಿಯಾಗುತ್ತದೆ. ದಪ್ಪ ಕೊಂಬೆಯನ್ನು ಮೂರು ಹಂತಗಳಲ್ಲಿ ಕೊಯ್ಯಬೇಕು. ಮೊದಲು ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಮೂರನೇ ಒಂದು ಭಾಗ. ಅನಂತರ ಅದಕ್ಕಿಂತ ಸ್ವಲ್ಪ ಹೊರಗೆ ಮೇಲಿನಿಂದ ಪೂರ್ತಿ. ಭಾರ ಕಳಚಿದ ಮೇಲೆ ಉಳಿದ ಮೋಟನ್ನು ಉಂಗುರದ ಹೊರಗೆ. ಮೇಲಿನಿಂದ ಒಂದೇ ಏಟಿಗೆ ಕಡಿದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಕೆಳತನಕ ಸುಲಿದುಕೊಂಡು ಹೋಗುತ್ತದೆ. ಕೆಲಸಗಾರನಿಗೆ ಈ ಮೂರು ಕೊಯ್ತದ ಕ್ರಮ ತಿಳಿದಿದೆಯೇ ಎಂದು ಕೇಳಿ ನೋಡಿ. ಅವನ ಅನುಭವದ ಅಂದಾಜು ಸಿಗುತ್ತದೆ.

ಒಂದು ವರ್ಷದಲ್ಲಿ ಹಸಿರು ತಲೆಯ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಗಾಯಕ್ಕೆ ಡಾಂಬರು, ಬಣ್ಣ ಬಳಿಯುವುದರಿಂದ ಕೊಳೆತ ನಿಲ್ಲುವುದಿಲ್ಲ. ಮಾವು ಮೊದಲಾದ ಹಣ್ಣಿನ ಮರಗಳಿಗೆ ತೋಟಗಾರಿಕೆಯವರು ಬೋರ್ಡೋ ಮುಲಾಮನ್ನು ಹೇಳುವುದುಂಟು. ಅದು ಶಿಲೀಂಧ್ರಕ್ಕೆ ಔಷಧಿ, ಮೇಲಿನ ಮುಚ್ಚಳವಲ್ಲ. ನೆರಳಿನ ಮರಗಳನ್ನು ಸವರಲು ಜನವರಿಯಿಂದ ಮಾರ್ಚ್‌ವರೆಗಿನ ಒಣ ಕಾಲ ಪ್ರಶಸ್ತ; ಗಾಳಿಗೆ ಮುನ್ನ ಕೆಲಸವೂ ಮುಗಿದಿರುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಮೊದಲ ಐದಾರು ವರ್ಷಗಳಲ್ಲಿ ಕತ್ತರಿಯಿಂದ ಜೋಡು ಕವಲನ್ನು ತೆಗೆದರೆ ಮೂವತ್ತು ವರ್ಷಗಳ ನಂತರ ಗರಗಸ ತರುವ ಖರ್ಚು ಉಳಿಯುತ್ತದೆ.

ಬೇರಿನ ಮೇಲೆ ಕಾಂಕ್ರೀಟು

ಪೇಟೆಯ ಮರಗಳಿಗೆ ಬುಡದಲ್ಲಿ ಆಗುವ ಹಾನಿಯೂ ದೊಡ್ಡದು. ಆಹಾರ ಹೀರುವ ಬೇರುಗಳು ಬಹುತೇಕ ಮೇಲಿನ ಎರಡು ಅಡಿ ಮಣ್ಣಿನಲ್ಲಿಯೇ ಇದ್ದು, ತಲೆಯ ನೆರಳಿಗಿಂತ ದೂರಕ್ಕೂ ಹರಡಿರುತ್ತವೆ. ಬುಡದವರೆಗೂ ಕಾಂಕ್ರೀಟು ಅಥವಾ ಇಂಟರ್‌ಲಾಕ್ ಟೈಲ್ಸ್ ಹಾಕಿದರೆ ಅವುಗಳಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಚರಂಡಿಗಾಗಿ, ಗೇಟಿನ ಪಾಯಕ್ಕಾಗಿ ಒಂದು ಬದಿಯ ದಪ್ಪ ಬೇರುಗಳನ್ನು ಜೆಸಿಬಿಯಿಂದ ಕಿತ್ತರೆ ಮರ ಆ ವರ್ಷ ಹಸಿರಾಗಿಯೇ ಇರಬಹುದು. ಮುಂದಿನ ಗಾಳಿಗೆ ಅದೇ ಬದಿಯ ಹಿಡಿತ ತಪ್ಪಿ ಉರುಳುತ್ತದೆ. ಬುಡದ ಸುತ್ತ ಕನಿಷ್ಠ ಮೂರು ನಾಲ್ಕು ಅಡಿ ಮಣ್ಣು ಬಿಡಿ. ಕಟ್ಟಡದ ಮಣ್ಣನ್ನು ಕಾಂಡಕ್ಕೆ ಏರಿಸಬೇಡಿ. ನಾಮಫಲಕಕ್ಕೆ ಮರಕ್ಕೆ ಮೊಳೆ ಹೊಡೆಯುವುದನ್ನೂ, ತಂತಿ ಬಿಗಿಯುವುದನ್ನೂ ನಮ್ಮ ಸದಸ್ಯರು ಬಿಡುವುದು ಒಳ್ಳೆಯದು. ಬಿಗಿದ ತಂತಿ ಕೆಲವೇ ವರ್ಷಗಳಲ್ಲಿ ಕಾಂಡದೊಳಗೆ ಹುದುಗಿ ಮರಕ್ಕೆ ಉರುಳಾಗುತ್ತದೆ. ಮುಂದೆ ಸಾಮಿಲ್ಲಿನ ಗರಗಸಕ್ಕೂ ಕಂಟಕವಾಗುತ್ತದೆ.

ಅನುಮತಿಯ ವಿಷಯ

ನನ್ನ ಜಾಗದ ಮರ, ನನ್ನಿಷ್ಟ ಎಂಬ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976 ಖಾಸಗಿ ಆವರಣದ ಮರಗಳಿಗೂ ಅನ್ವಯಿಸುತ್ತದೆ. ಮರ ಕಡಿಯಲು ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಅವಶ್ಯ. ವಿಚಾರಣೆಯನ್ನು ಹತ್ತಿರದ ವಲಯ ಅರಣ್ಯ ಕಚೇರಿಯಿಂದಲೇ ಆರಂಭಿಸಬಹುದು. ಬಹಳ ಜನರಿಗೆ ತಿಳಿಯದ ಸಂಗತಿಯೆಂದರೆ, ಈ ಅಧಿನಿಯಮದಲ್ಲಿ 'ಮರ ಕಡಿಯುವುದು' ಎಂಬುದಕ್ಕೆ ಕೊಟ್ಟ ಅರ್ಥದೊಳಗೆ ಕೊಂಬೆ ಕಡಿಯುವುದು, ತಲೆ ಬೋಳಿಸುವುದು, ಸುತ್ತ ತೊಗಟೆ ಸುಲಿಯುವುದು, ಔಷಧಿ ಹಾಕಿ ಸಾಯಿಸುವುದು, ಸುಡುವುದು ಇವೂ ಸೇರಿವೆ. ಬುಡಕ್ಕೆ ಆಸಿಡ್ ಸುರಿದು 'ತಾನಾಗಿ ಒಣಗಿತು' ಎನ್ನುವ ಉಪಾಯವೂ ಅಪರಾಧವೇ.

ಅರ್ಜಿಯಲ್ಲಿ ಜಾಗದ ನಕ್ಷೆ, ಮರಗಳ ಸಂಖ್ಯೆ, ಜಾತಿ, ಸುತ್ತಳತೆ, ಕಡಿಯುವ ಕಾರಣ ಮತ್ತು ಮಾಲೀಕರ ಒಪ್ಪಿಗೆ ಇರಬೇಕು. ಬಾಡಿಗೆ ಕಟ್ಟಡದಲ್ಲಿ ವ್ಯಾಪಾರ ಮಾಡುವವರು ಕೊನೆಯ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಸತ್ತ, ರೋಗ ತಗುಲಿದ, ಗಾಳಿಗೆ ಬಿದ್ದ, ಜೀವಕ್ಕೆ ಅಥವಾ ಆಸ್ತಿಗೆ ಅಪಾಯವಾದ, ಸಂಚಾರಕ್ಕೆ ಅಡ್ಡಿಯಾದ, ಸಿಡಿಲು ಬೆಂಕಿಗಳಿಂದ ಹಾಳಾದ ಮರಗಳಿಗೆ ಅನುಮತಿ ನಿರಾಕರಿಸಬಾರದೆಂದು ಅಧಿನಿಯಮವೇ ಹೇಳುತ್ತದೆ. ಆದುದರಿಂದ ನಿಜವಾದ ಕಾರಣವುಳ್ಳವರು ಅರ್ಜಿಗೆ ಅಂಜಬೇಕಾದುದಿಲ್ಲ. ಅಪಾಯದ ಲಕ್ಷಣಗಳ ಛಾಯಾಚಿತ್ರಗಳನ್ನು ಲಗತ್ತಿಸಿ ಸ್ವೀಕೃತಿ ಪಡೆದಿಟ್ಟುಕೊಂಡರೆ ಸಾಕು. ಕಡಿದ ಮರಕ್ಕೆ ಬದಲಾಗಿ ಗಿಡ ನೆಡುವ ಹೊಣೆಯೂ ಅನುಮತಿಯೊಡನೆ ಬರುತ್ತದೆ. ತೆಂಗು, ನೀಲಗಿರಿ, ಗಾಳಿಮರ, ಸಿಲ್ವರ್ ಓಕ್, ಸುಬಾಬುಲ್, ಗೊಬ್ಬರದ ಗಿಡ, ರಬ್ಬರ್ ಮೊದಲಾದ ಕೆಲವು ಜಾತಿಗಳಿಗೆ ವಿನಾಯಿತಿಯುಂಟು. ಪಟ್ಟಿಗೆ ತಿದ್ದುಪಡಿಗಳಾಗಿರುವುದರಿಂದ ಕೆಲಸಕ್ಕೆ ಮುನ್ನ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಗಂಧ, ಬೀಟೆ, ಸಾಗುವಾನಿಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಹಿಂದೆ ನಮ್ಮ ಹಿತ್ತಿಲಿನಲ್ಲಿ ಹುಟ್ಟಿದ ಗಂಧವೂ ಸರ್ಕಾರದ್ದಾಗಿತ್ತು. 2001ರ ತಿದ್ದುಪಡಿಯ ನಂತರ ಭೂಮಾಲೀಕನಿಗೆ ಅದರ ಹಕ್ಕು ದೊರೆತಿದೆ. ಆದರೆ ಕಡಿಯುವುದು, ಸಾಗಿಸುವುದು, ಮಾರುವುದು ಇಲಾಖೆಯ ನಿಯಮಕ್ಕೆ ಒಳಪಟ್ಟೇ ಇದೆ. ಮಂಜೂರಾದ ಜಮೀನಾದರೆ ಮಂಜೂರಾತಿಯ ಕಾಲಕ್ಕೇ ಇದ್ದ ಬೆಲೆಬಾಳುವ ಮರಗಳ ಹಕ್ಕು ಯಾರದೆಂಬುದನ್ನು ಕಾಗದಪತ್ರದಲ್ಲಿ ನೋಡಬೇಕು. ನಾಟಾ ಸಾಗಿಸಲು ರಹದಾರಿ ಬೇಕಾಗುವ ಜಾತಿಯಾದರೆ ರಹದಾರಿಯಿಲ್ಲದ ಲಾರಿಯೊಡನೆ ಮರದ ಮಾಲೀಕರ ಹೆಸರೂ ಮೊಕದ್ದಮೆಗೆ ಸೇರಬಹುದು. ಅಂಗಡಿಯ ಮುಂದಿನ ರಸ್ತೆಬದಿಯ ಮರ ಅಂಗಡಿಯವರದಲ್ಲ. ಅದರ ಒಂದು ಕೊಂಬೆಗೂ ಸಂಬಂಧಪಟ್ಟ ಇಲಾಖೆಗೆ ಬರೆಯಬೇಕು.

ವಿದ್ಯುತ್ ತಂತಿಯ ಬಳಿ

ತಂತಿಗೆ ತಾಗಿದ ಅಥವಾ ತಾಗಬಹುದಾದ ಕೊಂಬೆಯನ್ನು ಖಾಸಗಿ ಕೆಲಸಗಾರನಿಂದ ಕಡಿಸಲೇಬಾರದು. ನಮ್ಮ ಜಿಲ್ಲೆ ಮೆಸ್ಕಾಂ ವ್ಯಾಪ್ತಿಗೆ ಸೇರಿದ್ದು, ಶಾಖಾ ಕಚೇರಿಗೆ ಲಿಖಿತವಾಗಿ ತಿಳಿಸಬೇಕು. ತುರ್ತಾದರೆ 1912ಕ್ಕೆ ಕರೆ ಮಾಡಬೇಕು. ಹಸಿ ಮರ ವಿದ್ಯುತ್ ಹರಿಸುತ್ತದೆ. 11 ಕೆವಿ ಮಾರ್ಗದ ಬಳಿ ತಾಗದೆಯೂ ಹಾಯುವ ಅಪಾಯವುಂಟು. ಮನೆಯ ಮೈನ್ ಸ್ವಿಚ್ ತೆಗೆದರೆ ಬೀದಿಯ ತಂತಿಯಲ್ಲಿ ವಿದ್ಯುತ್ ನಿಲ್ಲುವುದಿಲ್ಲ. ಪರಿಚಯದ ಲೈನ್‌ಮನ್‌ಗೆ ಫೋನ್ ಮಾಡಿ 'ಹತ್ತು ನಿಮಿಷ ಲೈನ್ ತೆಗೆಯಿರಿ' ಎನ್ನುವ ರೂಢಿ ಎಲ್ಲಕ್ಕಿಂತ ಅಪಾಯಕಾರಿ. ಕ್ರಮಬದ್ಧವಾದ ಲೈನ್ ಕ್ಲಿಯರ್ ಪಡೆದು, ಇಲಾಖೆಯ ಸಿಬ್ಬಂದಿ ಎದುರಿಗಿದ್ದಾಗ ಮಾತ್ರ ಮರ ಹತ್ತಬೇಕು.

ಕೆಲಸ ಒಪ್ಪಿಸುವ ಕ್ರಮ

ದೊಡ್ಡ ನಗರಗಳಲ್ಲಿರುವಂತೆ ಮರದ ಆರೈಕೆಯ ಕಂಪನಿಗಳು ನಮ್ಮ ತಾಲ್ಲೂಕುಗಳಲ್ಲಿ ಅಪರೂಪ. ಕೆಲಸಕ್ಕೆ ಬರುವವರಲ್ಲಿ ಮೂರು ಬಗೆ. ಅಡಿಕೆಯ ಕೊನೆಗಾರರು ಮತ್ತು ತೆಂಗು ಹತ್ತುವವರು ಒಂದು ಬಗೆ. ಹತ್ತುವುದರಲ್ಲಿ ನಿಪುಣರಾದರೂ ದಪ್ಪ ಕೊಂಬೆಯ ಭಾರ ಇಳಿಸುವುದು ಬೇರೆಯೇ ವಿದ್ಯೆ. ಗರಗಸ ಮಷಿನ್ ಇಟ್ಟುಕೊಂಡು ಗುತ್ತಿಗೆ ಹಿಡಿಯುವವರು ಎರಡನೆಯ ಬಗೆ. ಮರವನ್ನೇ ಕೊಂಡು ಕಡಿದು ಒಯ್ಯುವ ನಾಟಾ ಮತ್ತು ಸೌದೆ ವ್ಯಾಪಾರಿಗಳು ಮೂರನೆಯ ಬಗೆ. ಯಾವ ಕೆಲಸಕ್ಕೆ ಯಾರು ಎಂಬುದನ್ನು ಮೊದಲು ನಿರ್ಧರಿಸಬೇಕು. ತೆಂಗಿನ ಕೆಲಸಕ್ಕಾದರೆ ತೆಂಗು ಅಭಿವೃದ್ಧಿ ಮಂಡಳಿಯು 2011ರಿಂದ ಯಂತ್ರದ ಸಹಾಯದಿಂದ ಹತ್ತುವ ತರಬೇತಿಯನ್ನು ನಡೆಸಿದೆ; ಹತ್ತುವವರಿಗಾಗಿ 'ಕೇರ ಸುರಕ್ಷಾ' ಎಂಬ ಅಪಘಾತ ವಿಮೆಯನ್ನೂ ತಂದಿದೆ. ತರಬೇತಿ ಪಡೆದವರು, ವಿಮೆಯುಳ್ಳವರು ಸಿಕ್ಕರೆ ಹತ್ತು ರೂಪಾಯಿ ಹೆಚ್ಚಾದರೂ ಅವರಿಗೇ ಆದ್ಯತೆ ಕೊಡತಕ್ಕದ್ದು.

ಇಬ್ಬರು ಮೂವರನ್ನು ಕರೆಸಿ ಮರ ತೋರಿಸಿ ದರ ಕೇಳಬೇಕು. ಒಪ್ಪಿದ ಮೇಲೆ ಅರ್ಧ ಹಾಳೆಯಲ್ಲಾದರೂ ಸರಿ, ಈ ಅಂಶಗಳನ್ನು ಬರೆದು ಇಬ್ಬರೂ ಸಹಿ ಮಾಡಬೇಕು:

1. ಯಾವ ಮರ, ಯಾವ ಕೊಂಬೆ, ಎಲ್ಲಿಯವರೆಗೆ. ಕಡಿಯಬೇಕಾದುದಕ್ಕೆ ಸುಣ್ಣದ ಗುರುತು ಹಾಕಿಡುವುದು ಉತ್ತಮ.

2. ಮೊತ್ತ ಮತ್ತು ಅದರಲ್ಲಿ ಸೇರಿದ್ದು ಏನು: ಸೊಪ್ಪು ಕಸ ಸಾಗಿಸುವುದು, ತುಂಡು ಮಾಡಿ ಒಟ್ಟುವುದು, ಬುಡದ ಬೊಡ್ಡೆ ತೆಗೆಯುವುದು. ಜಗಳಗಳಲ್ಲಿ ಬಹುಪಾಲು ಹುಟ್ಟುವುದು ಬೊಡ್ಡೆ ಮತ್ತು ಕಸದಿಂದಲೇ.

3. ಸೌದೆ ಮತ್ತು ನಾಟಾ ಯಾರಿಗೆ.

4. ಎಷ್ಟು ಜನ ಬರುತ್ತಾರೆ. ಹಗ್ಗ, ಹೆಲ್ಮೆಟ್, ಸೊಂಟದ ಪಟ್ಟಿ ಯಾರದು.

5. ಹೆಂಚು, ಶೀಟು, ಕಾಂಪೌಂಡಿಗೆ ಹಾನಿಯಾದರೆ ತುಂಬಿಕೊಡುವವರು ಯಾರು.

6. ಮುಂಗಡ ಎಷ್ಟು, ಬಾಕಿ ಯಾವಾಗ. ಜಾಗ ಸ್ವಚ್ಛವಾಗುವವರೆಗೆ ಮೂರನೇ ಒಂದು ಭಾಗವನ್ನಾದರೂ ಉಳಿಸಿಕೊಳ್ಳಬೇಕು.

ಗಾಳಿಯ ಮರುದಿನ ಬಾಗಿಲಿಗೆ ಬಂದು 'ಈ ಮರವೂ ಬೀಳುತ್ತದೆ, ಇವತ್ತೇ ತೆಗೆಸಿರಿ' ಎನ್ನುವವರ ಮಾತಿಗೆ ಒಂದು ದಿನದ ಬಿಡುವು ಕೊಡಿ. ನಿಜವಾದ ಅಪಾಯವಿದ್ದರೆ ಕೆಳಗಿನ ಜಾಗ ಖಾಲಿ ಮಾಡಿಸಿ, ಛಾಯಾಚಿತ್ರ ತೆಗೆದು, ಅರಣ್ಯ ಕಚೇರಿಗೆ ಅಂದೇ ತಿಳಿಸಿ. ಇನ್ನೊಂದು ಮಾತು: ಸ್ವಂತ ಮನೆಯ ಮರಕ್ಕೆ ಕೊಟ್ಟ ಕೂಲಿಯನ್ನು ಅಂಗಡಿಯ ಖರ್ಚಿನಲ್ಲಿ ಬರೆಯಬಾರದು, ಗೋದಾಮಿನ ಮರದ್ದಾದರೆ ರಸೀದಿ ಪಡೆದು ಬರೆಯಬಹುದು.

ಮರಕ್ಕೆ ಬೆಲೆ ಕಟ್ಟುವುದು

'ಕೂಲಿ ಬೇಡ, ಮರ ನನಗಿರಲಿ' ಎಂಬ ಒಪ್ಪಂದ ನಮ್ಮಲ್ಲಿ ಸಾಮಾನ್ಯ. ಸಣ್ಣ ಸೌದೆಯ ಮರಕ್ಕೆ ಇದು ಸರಿ. ಬಲಿತ ಹಲಸು, ಸಾಗುವಾನಿ, ಹೊನ್ನೆಗಳ ವಿಷಯದಲ್ಲಿ ಅಳೆಯದೆ ಒಪ್ಪುವುದು ತೂಗದೆ ಅಡಿಕೆ ಮಾರಿದಂತೆ. ಅಳತೆ ಕಷ್ಟವಲ್ಲ. ನಾಟಾ ವ್ಯಾಪಾರದಲ್ಲಿ ರೂಢಿಯಲ್ಲಿರುವುದು ಕಾಲು ಸುತ್ತಳತೆಯ ಲೆಕ್ಕ. ದಿಮ್ಮಿಯ ನಡುಮಧ್ಯದ ಸುತ್ತಳತೆಯನ್ನು ಅಡಿಗಳಲ್ಲಿ ತೆಗೆದುಕೊಂಡು ನಾಲ್ಕರಿಂದ ಭಾಗಿಸಿ, ಬಂದುದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಬೇಕು.

ಉದಾಹರಣೆಗೆ ನಡುವೆ 5 ಅಡಿ ಸುತ್ತಳತೆ, 8 ಅಡಿ ಉದ್ದದ ಹಲಸಿನ ದಿಮ್ಮಿಯನ್ನು ತೆಗೆದುಕೊಳ್ಳೋಣ. 5ನ್ನು 4ರಿಂದ ಭಾಗಿಸಿದರೆ 1.25, ಅದರ ವರ್ಗ 1.5625, ಎಂಟರಿಂದ ಗುಣಿಸಿದರೆ 12.5 ಘನ ಅಡಿ. ದಿಮ್ಮಿಯನ್ನು ಪೂರ್ಣ ಉರುಳೆಯೆಂದು ಲೆಕ್ಕ ಹಾಕಿದರೆ ಸುಮಾರು 15.9 ಘನ ಅಡಿ ಬರುತ್ತದೆ. ಅಂದರೆ ರೂಢಿಯ ಲೆಕ್ಕದಲ್ಲಿಯೇ ಶೇಕಡಾ 21ಕ್ಕಿಂತ ಹೆಚ್ಚು ಭಾಗ ಕೊಯ್ತದ ನಷ್ಟವೆಂದು ಕೊಳ್ಳುವವನಿಗೆ ಬಿಟ್ಟಾಗಿದೆ. ಹೀಗಿರುವಲ್ಲಿ ತೊಗಟೆಗೆಂದು, ಹೊರಮರಕ್ಕೆಂದು, ಕೊಯ್ತಕ್ಕೆಂದು ಮತ್ತೆ ಮತ್ತೆ ಕಳೆಯುವುದಕ್ಕೆ ಒಪ್ಪುವ ಮುನ್ನ ಕಾರಣ ಕೇಳುವ ಹಕ್ಕು ನಮಗಿದೆ. ಪೇಟೆಯಲ್ಲಿ ಆ ಜಾತಿಯ ಘನ ಅಡಿಯ ದರವನ್ನು ಇಬ್ಬರಲ್ಲಿ ವಿಚಾರಿಸಿ, ಕಡಿಯುವ, ಸಾಗಿಸುವ, ಕೊಯ್ಯುವ ಖರ್ಚು ಕಳೆದರೆ ಮರದ ಬೆಲೆಯ ಅಂದಾಜು ಸಿಗುತ್ತದೆ. ಒಳಗೆ ಪೊಟರೆಯಿರುವ ಮರದಲ್ಲಿ ಕೊಳ್ಳುವವನಿಗೂ ನಷ್ಟದ ಭಯವಿರುತ್ತದೆ. ಆದುದರಿಂದ ಮರ ಮಲಗಿಸಿದ ಮೇಲೆ ಅಳೆದು ಹಣ ಎಂಬ ಒಪ್ಪಂದ ಇಬ್ಬರಿಗೂ ನ್ಯಾಯ.

ಮೇಲೇರಿದ ಮನುಷ್ಯ

ಮರದ ಕೆಲಸದಲ್ಲಿ ಹಣಕ್ಕಿಂತ ದೊಡ್ಡದು ಮನುಷ್ಯನ ಜೀವ. ಹತ್ತು ಅಂಗುಲ ದಪ್ಪ, ಹತ್ತು ಅಡಿ ಉದ್ದದ ಹಸಿ ಕೊಂಬೆ ಒಂದು ಕ್ವಿಂಟಲ್‌ಗಿಂತ ಹೆಚ್ಚು ತೂಗುತ್ತದೆ. ಅದನ್ನು ಮೇಲೆ ನಿಂತು ಕೊಯ್ಯುವವನಿಗೆ ಹಗ್ಗದ ಆಧಾರವಿಲ್ಲದಿದ್ದರೆ, ಕೆಳಗೆ ಹಗ್ಗ ಹಿಡಿಯುವ ಅನುಭವಿಯಿಲ್ಲದಿದ್ದರೆ, ಆ ದಿನ ಕೆಲಸ ಮಾಡಿಸಬಾರದು. ಏಣಿಯ ಮೇಲೆ ನಿಂತು ಗರಗಸ ಮಷಿನ್ ಹಿಡಿಯುವುದು, ಒಂದೇ ಕೈಯಲ್ಲಿ ಮಷಿನ್ ಎತ್ತುವುದು, ಮಳೆ ಬಂದು ತೊಗಟೆ ಜಾರುವಾಗ ಹತ್ತುವುದು, ಕುಡಿದು ಹತ್ತುವುದು, ಇವುಗಳಲ್ಲಿ ಒಂದು ಕಂಡರೂ ಕೆಲಸ ನಿಲ್ಲಿಸುವ ಅಧಿಕಾರ ಮಾಲೀಕನಿಗಿದೆ. ನಿಲ್ಲಿಸುವ ಕರ್ತವ್ಯವೂ ಇದೆ. ಕೆಳಗೆ ಮರದ ಎತ್ತರದ ಒಂದೂವರೆಯಷ್ಟು ದೂರದವರೆಗೆ ಹಗ್ಗ ಕಟ್ಟಿ ಮಕ್ಕಳು, ಗಿರಾಕಿಗಳು ಸುಳಿಯದಂತೆ ನೋಡಿಕೊಳ್ಳಬೇಕು.

'ಗುತ್ತಿಗೆ ಕೊಟ್ಟಾಗಿದೆ, ಬಿದ್ದರೆ ಅವನ ಜವಾಬ್ದಾರಿ' ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ತನ್ನ ವ್ಯಾಪಾರದ ಕೆಲಸಕ್ಕಾಗಿ ಗುತ್ತಿಗೆದಾರನ ಮೂಲಕ ಕೂಲಿಗಳನ್ನು ತೊಡಗಿಸಿದವನು ಗಾಯಗೊಂಡ ಕಾರ್ಮಿಕನಿಗೆ ಮೊದಲು ಪರಿಹಾರ ಕೊಟ್ಟು ಅನಂತರ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕಾಗಬಹುದೆಂಬ ತತ್ತ್ವ 1923ರ ನಷ್ಟಪರಿಹಾರ ಕಾಯ್ದೆಯಲ್ಲಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ, 2020ರಲ್ಲಿಯೂ ಅದು ಮುಂದುವರಿದಿದೆ. ಗೋದಾಮು, ಕಾರ್ಖಾನೆಗಳ ಆವರಣದಲ್ಲಿ ಮರ ಕಡಿಸುವವರು ತಮ್ಮ ವಕೀಲರನ್ನೂ ವಿಮಾ ಪ್ರತಿನಿಧಿಯನ್ನೂ ಒಮ್ಮೆ ಕೇಳುವುದು ಒಳಿತು. ಕೆಲವು ದಿನಗಳ ಕೆಲಸಕ್ಕೂ ಕಾರ್ಮಿಕರ ವಿಮೆ ದೊರೆಯುತ್ತದೆಯೇ ಎಂದು ವಿಚಾರಿಸಬೇಕು. ಮನೆಯ ಮರವಾದರೆ ಕಾನೂನಿನ ಮಾತು ಬೇರೆಯಿರಬಹುದು. ಬಿದ್ದವನ ಹೆಂಡತಿ ಮಕ್ಕಳು ಬಂದು ನಿಲ್ಲುವುದು ಮಾತ್ರ ನಮ್ಮ ಬಾಗಿಲಿಗೇ.

ನೆರೆಯವರು ಮತ್ತು ವಿಮೆ

ಪಕ್ಕದ ಮನೆಯ ಮರದ ಕೊಂಬೆ ನಮ್ಮ ಮಾಡಿನ ಮೇಲೆ ಚಾಚಿದ್ದರೆ ಮೊದಲು ಬಾಯಿಮಾತು, ಅನಂತರ ಪತ್ರ. ಅಪಾಯವನ್ನು ಲಿಖಿತವಾಗಿ ತಿಳಿಸಿದ ಮೇಲೂ ಮಾಲೀಕ ಸುಮ್ಮನಿದ್ದರೆ ಮುಂದಾಗುವ ನಷ್ಟಕ್ಕೆ ಅವನ ಹೊಣೆಯನ್ನು ಸಾಧಿಸುವುದು ಸುಲಭವಾಗುತ್ತದೆ. ಬಿದ್ದು ಜನರಿಗೆ ಅಪಾಯವಾಗುವ ಸ್ಥಿತಿಯಲ್ಲಿರುವ ಮರವನ್ನು ತೆಗೆಸಲು ಅಥವಾ ಆಧಾರ ಕೊಡಿಸಲು ಆದೇಶಿಸುವ ಅಧಿಕಾರ ಕಾರ್ಯನಿರ್ವಾಹಕ ದಂಡಾಧಿಕಾರಿಗಳಿಗೆ ಇದೆ. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 133ನೆಯ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಲ್ಲಿದೆ. ನಮ್ಮ ಎರಡೂ ತಾಲ್ಲೂಕುಗಳು ಸಾಗರ ಉಪವಿಭಾಗಕ್ಕೆ ಸೇರಿವೆ. ಆದರೆ ಇದು ಕೊನೆಯ ದಾರಿ; ದಶಕಗಳ ನೆರೆಹೊರೆ ಒಂದು ಕೊಂಬೆಗಾಗಿ ಮುರಿಯಬಾರದು.

ವಿಮೆಯ ವಿಷಯದಲ್ಲಿ 2021ರ ಏಪ್ರಿಲ್ 1ರಿಂದ ಬಂದ ಎರಡು ಪಾಲಿಸಿಗಳನ್ನು ಸದಸ್ಯರು ಗಮನಿಸಬೇಕು. ಮನೆಗೆ 'ಭಾರತ್ ಗೃಹ ರಕ್ಷಾ'. ಒಂದು ಸ್ಥಳದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಯುಳ್ಳ ಸಣ್ಣ ಉದ್ಯಮಕ್ಕೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ'. ಇವುಗಳಲ್ಲಿ ಬಿರುಗಾಳಿಯ ಹಾನಿಯಲ್ಲದೆ, ಬೀಳುವ ಮರದ ಹೊಡೆತದಿಂದಾಗುವ ಹಾನಿಯೂ ಸೇರಿದೆ. ಕಟ್ಟಡಕ್ಕೆ ಮಾತ್ರ ವಿಮೆ ಮಾಡಿಸಿ ಸರಕನ್ನು ಮರೆತರೆ, ಶೀಟು ಒಡೆದು ಮಳೆಗೆ ನೆನೆದ ಮೆಕ್ಕೆಜೋಳಕ್ಕೆ ಪರಿಹಾರ ಬರುವುದಿಲ್ಲ. ಹಾನಿಯಾದಾಗ ಬಿದ್ದ ಮರವನ್ನು ತೆಗೆಯುವ ಮುನ್ನವೇ ಛಾಯಾಚಿತ್ರ ತೆಗೆದು ವಿಮಾ ಕಂಪನಿಗೆ ತಿಳಿಸಬೇಕು.

ಕೊನೆಯ ಮಾತು

ಇಷ್ಟೆಲ್ಲ ಹೇಳಿದ್ದು ಮರವೆಂದರೆ ತೊಂದರೆ ಎಂಬ ಭಾವನೆ ಬರಲೆಂದಲ್ಲ. ಗೋದಾಮಿನ ಪಶ್ಚಿಮಕ್ಕಿರುವ ಒಂದು ಮಾವು ಮಧ್ಯಾಹ್ನದ ಶೀಟಿನ ಬಿಸಿಯನ್ನು ಎಷ್ಟು ಇಳಿಸುತ್ತದೆಂಬುದನ್ನು ಅದನ್ನು ಕಡಿಸಿದವರೇ ಬಲ್ಲರು. ಹೊಸದಾಗಿ ನೆಡುವವರು ಕಟ್ಟಡದಿಂದ ಇಪ್ಪತ್ತು ಅಡಿಯಾದರೂ ದೂರದಲ್ಲಿ, ತಂತಿಯ ಕೆಳಗಲ್ಲದ ಜಾಗದಲ್ಲಿ, ಗೋಡೆ ಸೀಳುವ ಅರಳಿ ಆಲಗಳನ್ನೂ ಬೇಗ ಮುರಿಯುವ ಗುಲ್‌ಮೊಹರ್, ನುಗ್ಗೆಗಳನ್ನೂ ದೂರವಿಟ್ಟು ನೆಡಬೇಕು. ಜಾಗ ಕಡಿಮೆಯಿದ್ದರೆ ನೆಲ್ಲಿ, ಬಿಲ್ವ, ಕಸಿ ಮಾವು ಸಾಕು.

ವರ್ಷಾರಂಭಕ್ಕೆ ಲೆಕ್ಕದ ಪುಸ್ತಕ ತೆರೆಯುವಂತೆ ಫೆಬ್ರವರಿಯಲ್ಲೊಮ್ಮೆ ಮರದ ಲೆಕ್ಕವನ್ನೂ ತೆರೆಯೋಣ. ಸುತ್ತು ಬಂದು ನೋಡುವುದು, ಬೇಕಾದರೆ ಅರ್ಜಿ ಕೊಡುವುದು, ಮಾರ್ಚ್‌ನೊಳಗೆ ಸವರಿಸುವುದು. ಏಪ್ರಿಲ್‌ನ ಮೊದಲ ಗಾಳಿ ಬೀಸಿದ ಸಂಜೆ ಅಂಗಡಿಯ ಕದ ಹಾಕಿಕೊಂಡು ನಿಶ್ಚಿಂತೆಯಿಂದ ಮನೆಗೆ ಹೋಗಲು ಅಷ್ಟು ಸಾಕು.